ಆರನೇ ಗುರುತಿನ ನೀರು

ರಾತ್ರಿ ಎಂಟಾಗಿತ್ತು. ನನ್ನ ದೊಡ್ಡಮ್ಮನ ಮಗ ನಿಬಾಲ್ದೋ ಊರಿಂದ ಟೆಂಟಿನ ಕಡೆ ಒಬ್ಬನೇ ನಡ್ಕೊಂಡು ಹೋಗ್ತಿದ್ದ. ಹೆಗಲಲ್ಲಿ ಖಾಲಿ ಚೀಲ. ಕಾಲಡಿ ಉಪ್ಪಿನ ನೆಲ… ಕರ್ಕ್… ಕರ್ಕ್. ನಮ್ಮ ಅಟಕಾಮಾ ಮರುಭೂಮಿಯಲ್ಲಿ ಚಳಿ ಇಳಿದರೆ ನೆಲವೇ ಹಲ್ಲು ಕಡಿಯುತ್ತೆ. ಅದು ದೆವ್ವ ಅಲ್ಲ. ದೆವ್ವ ಆಮೇಲೆ ಬರುತ್ತೆ, ತಡೀರಿ.

ಟೆಂಟು ಒಂದು ಕಂಪನಿಯದು. ಕಂಪನಿ ಅಂದ್ರೆ ಎಷ್ಟು ದೊಡ್ಡದು ಗೊತ್ತಾ? ನಾಲ್ಕು ಜನ, ಒಂದು ರೋಬೋ. ಚಂದ್ರನ ಮೇಲೆ ನೀರು ಹುಡುಕೋ ರೋಬೋ. ನಮ್ಮೂರ ನೆಲ ಥೇಟ್ ಚಂದ್ರನ ನೆಲ ಅಂತೆ. ಇಲ್ಲಿ ಏನೂ ಬೆಳೆಯಲ್ಲ ಅನ್ನೋದನ್ನ ಓದಿದವರು ಮರ್ಯಾದೆಯಾಗಿ ಹಾಗೆ ಹೇಳ್ತಾರೆ.

ನಿಬಾಲ್ದೋನ ಕೆಲಸ ಸುಲಭ. ಮೈದಾನದ ಹುಡಿಮಣ್ಣಲ್ಲಿ ಗುರುತು ಮಾಡಿದ ಆರು ಕಡೆ ನೀರಿನ ಬಾಟಲಿ ಹೂಳಬೇಕು. ಆಮೇಲೆ ಹಿಂದೆ ಹಿಂದೆ ನಡೀತಾ, ಹಲ್ಲು ಹಲ್ಲಿನ ಹಲುಬೆ ಎಳೆದು ತನ್ನ ಹೆಜ್ಜೆ ತಾನೇ ಅಳಿಸಬೇಕು. ಚಂದ್ರನ ಮೇಲೆ ಹೆಜ್ಜೆ ಇರಬಾರದಲ್ಲ! ಕತ್ತಲಾದ ಮೇಲೆ ನೆಲಮಟ್ಟದಲ್ಲಿ ಒಂದೇ ದೀಪ ಹಚ್ಚಿ ರೋಬೋನ ಬಿಡ್ತಾರೆ.

ಅವತ್ತು ಕೊನೇ ಪರೀಕ್ಷೆ. ಕಂಪನಿಯ ಒಡತಿ ರೆಬೆಕಾ ಮೇಡಂ ಬೆಳಿಗ್ಗೇನೇ ಹೇಳಿದ್ಲು: "ಆರೂ ಸಿಕ್ಕಿದ್ರೆ ನೀನು ಕಾಯಂ. ಒಂದು ತಪ್ಪಿದ್ರೂ ನಾಳೆ ಉಪ್ಪಿನ ಗಣಿಗೆ ವಾಪಸ್." ಗಣಿಯಲ್ಲಿ ಅವನ ಅಪ್ಪ ರಕ್ತ ಕೆಮ್ಮಿ ಸತ್ತಿದ್ದ. ಅದಕ್ಕೇ ಹೆದರಿಕೆ.

ಆದ್ರೆ ಆ ಪುಣ್ಯಾತ್ಮ ಹೂಳೋಕೆ ಕಂಪನಿ ಕೊಟ್ಟಿದ್ದ ಆರೂ ಬಾಟಲಿ ನೀರಲ್ಲಿ ಬೈಕ್ ತೊಳೆದಿದ್ದ! ಶನಿವಾರ ಕುಣಿತ ಇತ್ತು, ಹುಡುಗಿ ನೋಡ್ತಾಳೆ ಅಂತ. ಊರಲ್ಲಿ ಕೇಳಿದ್ರೆ ಯಾರೂ ಒಂದು ಲೋಟ ಕೊಡಲಿಲ್ಲ. ನೀರಿನ ಲಾರಿ ಬರೋದು ಗುರುವಾರ.

ದಾರಿಯಲ್ಲಿ ಬಾಲ್ಬಿನಾ ಅಜ್ಜಿಯ ಗುಡಿ. ಮೊಣಕಾಲೆತ್ತರದ ತಗಡಿನ ಮನೆ, ಒಂದು ಶಿಲುಬೆ, ಸುತ್ತ ಗುಡ್ಡೆ ಗುಡ್ಡೆ ನೀರಿನ ಬಾಟಲಿ. ನಲವತ್ತು ವರ್ಷದ ಹಿಂದೆ ಕೆಟ್ಟು ನಿಂತ ಲಾರಿಯಿಂದ ಡ್ರೈವರ್ ಅವಳನ್ನ ಅಲ್ಲೇ ಇಳಿಸಿ, "ಇಲ್ಲೇ ಕೂತಿರಿ, ನೀರು ತರ್ತೀನಿ" ಅಂದ. ಬರಲಿಲ್ಲ. ಅವಳು ಅಲ್ಲೇ ಬಾಯಾರಿ ಸತ್ಲು. ಅದಕ್ಕೇ ದಾರಿಹೋಕರು ಅವಳಿಗೆ ನೀರು ಇಟ್ಟು ಹೋಗ್ತಾರೆ. ಬಾಯಾರಿ ಸಾಯ್ತಿದ್ರೂ ಅಲ್ಲಿಂದ ಯಾರೂ ತೆಗೆಯಲ್ಲ.

ನಿಬಾಲ್ದೋ ಕೂತ. ಪಿಸುಗುಟ್ಟಿದ: "ಅಜ್ಜಿ, ಸಿಟ್ಟಾಗ್ಬೇಡ. ನಿಂಗ್ಯಾಕೆ ಇಷ್ಟು ನೀರು? ಸತ್ತೋರಿಗೆ ಉಚ್ಚೆ ಬರುತ್ತಾ?"

ತನ್ನ ಜೋಕಿಗೆ ತಾನೇ ನಕ್ಕ. ಆರು ಬಾಟಲಿ ಚೀಲಕ್ಕೆ ಹಾಕಿದ. ಆಗ…

ಗುಟುಕ್.

ಒಣ ಗಂಟಲು ಎಂಜಲು ನುಂಗಿದ ಹಾಗೆ. ಅವನು ತಿರುಗಿ ನೋಡದೆ ನಡೆದ.

ಮುಂದಿನದು ಟೆಂಟೊಳಗೆ ರೋಬೋ ನಡೆಸ್ತಿದ್ದ ಯೆರ್ಕೋ ಹೇಳಿದ್ದು. ಅವನು ದೇವರನ್ನೇ ನಂಬದವನು.

ನಿಬಾಲ್ದೋ ಆರೂ ಬಾಟಲಿ ಹೂತು, ಹೆಜ್ಜೆ ಅಳಿಸಿ ಟೆಂಟೊಳಗೆ ಬಂದ. ರೋಬೋ ಮೊದಲನೇ ಗುರುತಿಗೆ ಹೋಯ್ತು. ನೀರಿದ್ರೆ ಯಂತ್ರ ಟಿಕ್ ಟಿಕ್ ಅನ್ನಬೇಕು. ಅನ್ನಲಿಲ್ಲ. ನೆಲ ಕೊರೆಯೋ ಉದ್ದನೆ ಸೂಜಿ ಇಳಿಸಿ ಕೆದಕಿತು. ಬಾಟಲಿ ಇತ್ತು. ಮುಚ್ಚಳ ಬಿಗಿಯಾಗಿತ್ತು. ಒಳಗೆ ಒಂದು ಹನಿ ಇಲ್ಲ. ಎರಡನೆಯದೂ ಖಾಲಿ. ಮೂರು… ನಾಲ್ಕು… ಐದು.

"ಖಾಲಿ ಬಾಟಲಿ ಹೂತಿದ್ದೀಯಲ್ಲೋ, ಕತ್ತೆ!" ರೆಬೆಕಾ ನಿಬಾಲ್ದೋನ ಮೇಲೆ ಕಿರುಚಿದ್ಲು.

"ಅಮ್ಮನಾಣೆ ಮೇಡಂ, ತುಂಬಿತ್ತು…"

"ಮೇಡಂ," ಯೆರ್ಕೋ ಮೆಲ್ಲಗೆ ಅಂದ. "ಪರದೆ ನೋಡಿ."

ನುಣ್ಣಗೆ ಗೀರಿದ ನೆಲದ ಮೇಲೆ ಹೆಜ್ಜೆ. ಬರಿಗಾಲು. ಚಿಕ್ಕ ಪಾದ. ಒಂದೊಂದಾಗಿ ಮೂಡ್ತಾ ಟೆಂಟಿನ ಕಡೆ ಬರ್ತಿತ್ತು. ಚಂದ್ರನಿಂದ ಚಿತ್ರ ಬರೋಕೆ ತಡ ಆಗುತ್ತೆ ಅಂತ ಇವರೂ ಪರದೆಗೆ ಬೇಕಂತಲೇ ಮೂರು ಸೆಕೆಂಡು ತಡ ಇಟ್ಟಿದ್ರು. ಪರದೆಯಲ್ಲಿ ಹೆಜ್ಜೆ ಇನ್ನೂ ದೂರ ಇತ್ತು. ಟೆಂಟಿನ ಬಟ್ಟೆ ಮೇಲೆ ಆಗಲೇ ಸದ್ದು… ಸರ್… ಸರ್…

"ನಿನ್ನದೇ ಹೆಜ್ಜೆ," ಅಂದ್ಲು ರೆಬೆಕಾ. "ಅಳಿಸೋಕೂ ಬರಲ್ಲ."

"ನಾನು ಬೂಟು ಹಾಕ್ಕೊಂಡಿದ್ದೆ ಮೇಡಂ… ಬೆಳಗಾಗ್ಲಿ, ಆಮೇಲೆ ಹೋಗ್ತೀನಿ. ಕಾಲಿಗೆ ಬೀಳ್ತೀನಿ."

"ನಡಿ ಆಚೆ."

ಕತ್ತು ಹಿಡಿದು ದಬ್ಬಿದ್ಲು. ಜಿಪ್ ಎಳೆದ್ಲು. ಝ್ರ್‌ರ್‌ಪ್.

ಒಂದು ನಿಮಿಷ ಏನಿಲ್ಲ. ಆಮೇಲೆ ಹೊರಗಿಂದ ಉಗುರಲ್ಲಿ ಗೀರಿದ ಸದ್ದು. ನಿಬಾಲ್ದೋನ ದನಿ, ಆದ್ರೆ ಒಣಗಿದ ದನಿ: "ಯೆರ್ಕೋ… ಒಂದು ಗುಟುಕು ನೀರು ಕೊಡೋ."

ಯೆರ್ಕೋ ಎದ್ದ.

"ಕೂತ್ಕೋ," ಅಂದ್ಲು ರೆಬೆಕಾ. "ಮತ್ತೆ ಜಿಪ್ ತೆಗೆದ್ರೆ ಟೆಂಟಿನ ಬೆಳಕು ಆಚೆ ಬಿದ್ದು ಚಿತ್ರ ಕೆಡುತ್ತೆ. ಇನ್ನೊಂದು ಗುರುತು ಬಾಕಿ ಇದೆ."

ಅವನು ಕೂತ. ಹೊರಗಿನ ಸದ್ದು ನಿಂತಿತು.

ರೋಬೋ ಆರನೇ ಗುರುತಿಗೆ ಬಂತು. ಟಿಕ್. ಟಿಕ್. ಟಿಕ್‌ಟಿಕ್‌ಟಿಕ್‌ಟಿಕ್… ಯಂತ್ರ ಹುಚ್ಚು ಹಿಡಿದ ಹಾಗೆ ಬಡ್ಕೊಳ್ತು. ಉಳಿದವರು ಕುಣಿದಾಡಿದ್ರು.

"ಮೇಡಂ, ನಲವತ್ತು ಲೀಟರ್ ತೋರಿಸ್ತಿದೆ. ಹೂತಿದ್ದು ಒಂದು ಬಾಟಲಿ."

"ಬರ್ಕೋ. ಬಾಯಿ ಮುಚ್ಕೊಂಡು ಬರ್ಕೋ. ಸೂಜಿ ಇಳಿಸು."

ಇಳಿಸಿದ. ಟಿಕ್ ಟಿಕ್ ನಿಧಾನವಾಯ್ತು. ಮೂವತ್ತು… ಹತ್ತು… ಸೊನ್ನೆ.

ಬೆಳಿಗ್ಗೆ ಹೋಗಿ ನೋಡಿದ್ರೆ ಮೈದಾನ ನುಣ್ಣಗೆ. ಅವನ ಬೂಟಿನ ಗುರುತೂ ಇಲ್ಲ, ಬರಿಗಾಲಿನದೂ ಇಲ್ಲ. ಆರನೇ ಗುರುತಲ್ಲಿ ಎರಡು ಅಡಿ ಅಗೆದ್ರು. ನಿಬಾಲ್ದೋ ಅಂಗಾತ ಮಲಗಿದ್ದ. ಬಾಯಿ ತೆರೆದಿತ್ತು, ಬಾಯ್ತುಂಬ ಹುಡಿಮಣ್ಣು. ಸೂಜಿ ಪಕ್ಕೆಯಲ್ಲಿ ನೆಟ್ಟಿತ್ತು. ಸೂಜಿಗೆ ರಕ್ತ ಇರಲಿಲ್ಲ.

ಪೊಲೀಸರು "ಚಳಿಗೆ ಸತ್ತ" ಅಂತ ಬರೆದ್ರು. ಒಬ್ಬ ಆಳಿನ ಮೈಯಲ್ಲಿ ನಲವತ್ತು ಲೀಟರ್ ನೀರಿರುತ್ತೆ ಅಂತ ಯೆರ್ಕೋ ಆಮೇಲೆ ಹೇಳಿದ. ಕಂಪನಿ ಪರೀಕ್ಷೆ ಪಾಸಾಯ್ತು, ಒಂದೇ ಸಲಕ್ಕೆ ನಲವತ್ತು ಲೀಟರ್ ಕಂಡುಹಿಡಿದ ರೋಬೋ ಅಂತ. ಬರೋ ವರ್ಷ ಅದು ಚಂದ್ರಂಗೆ ಹೋಗುತ್ತಂತೆ.

ನಂಬಲ್ವಾ? ನಾನು ಊರಿಗೆಲ್ಲ ಸುಳ್ಳು ಹೇಳೋನೇ, ಒಪ್ತೀನಿ. ಆದ್ರೆ ಹೆಣ ತೊಳೆಯೋಕೆ ಕೈ ಜೋಡಿಸಿದೋನೂ ನಾನೇ. ದೊಡ್ಡಮ್ಮ ಮೂರು ಬಕೆಟ್ ನೀರು ಅವನ ಮೇಲೆ ಸುರಿದ್ಲು. ಮೂರನೇದನ್ನ ನಾನೇ ಎತ್ತಿಕೊಟ್ಟೆ.

ಹೆಣದ ಕೆಳಗಿನ ಹಲಗೆ ಒದ್ದೆಯಾಗಲಿಲ್ಲ.