ಎಡಗಡೆಯ ಚಕ್ರ

ನಡುರಾತ್ರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಖಾಲಿ ಸ್ಟ್ರೆಚರೊಂದು ಕುಂಯ್‌ಗುಡುತ್ತ ಒಳಗೆ ಹೋಯಿತು. ನನ್ನೆದುರಿನ ಬೆಂಚಿನಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ. ಅವರ ತಂದೆ ತೀರಿಕೊಂಡರೆಂದು ಡಾಕ್ಟರು ಆಗಷ್ಟೇ ಹೇಳಿ ಹೋಗಿದ್ದರು.

“ಎಡಗಡೆ ಚಕ್ರ. ಬೇರಿಂಗ್ ಹೋಗಿದೆ,” ಎಂದ ತಮ್ಮ.

“ಈಗಲೂ ನಿನಗೆ ರಿಪೇರಿ ಅಂಗಡಿಯದೇ ಧ್ಯಾನಾನಾ?”

“ನಾನಲ್ಲ ಅಕ್ಕ, ಅಪ್ಪ ಹೇಳಿದ್ದು. ಆಪರೇಷನ್‌ಗೆ ಅದರ ಮೇಲೇ ಕರ್ಕೊಂಡು ಹೋದ್ರಲ್ಲ, ಆಗ ನನ್ನ ಕೈ ಹಿಡ್ಕೊಂಡು, ‘ಇಲ್ಲಿ ಎಲ್ಲಾ ಗಾಡಿನೂ ಹೀಗೇ ಅಳ್ತಿವೆ ಕಣೋ, ಆಫೀಸಲ್ಲಿ ಕೇಳು, ನಮಗೆ ಕಾಯಂ ಕೆಲಸ ಸಿಗುತ್ತೆ’ ಅಂದ್ರು.”

“ನಾನೂ ಹಿಂದೇನೇ ಬರ್ತಿದ್ದೆ. ನನಗೆ ಯಾವ ಸದ್ದೂ ಕೇಳಿಸಲಿಲ್ಲ.”

“ನೀನು ಕಾಲೇಜಿಗೆ ಹೋದೆ. ನಾನು ಚಿಕ್ಕಂದಿನಿಂದ ಅಪ್ಪನ ಹತ್ರ ಬೈಸ್ಕೊಂಡು ತಳ್ಳುಗಾಡಿ ರಿಪೇರಿ ಮಾಡ್ದೆ.”

“ಅಮ್ಮ ಬಂದ ತಕ್ಷಣ ಕೇಳ್ತಾಳೆ, ಕೊನೇಲಿ ಏನಂದ್ರು ಅಂತ.”

“ಅದೇ ಭಯ. ಅವಳ ಹೆಸರೂ ಎತ್ತಲಿಲ್ಲ ಅಕ್ಕ.”

ಅದೇ ಸ್ಟ್ರೆಚರ್ ಮರಳಿ ಬಂತು, ಈ ಸಲ ಬಿಳಿ ಬಟ್ಟೆಯ ಕೆಳಗೆ ತಂದೆಯನ್ನು ಹೊತ್ತು. ಇಬ್ಬರೂ ಎದ್ದು ಅದರ ಪಕ್ಕಕ್ಕೆ ಹೋಗಿ ನಿಂತರು.

“ಈಗ ನನಗೂ ಕೇಳಿಸ್ತಿದೆ ಕಣೋ,” ಎಂದಳು ಅಕ್ಕ. “ಮುಂದಿನ ವಾರ ಬಂದು ಕೆಲಸ ಕೇಳು. ಅಪ್ಪ ಹೇಳಿದ್ದು ಅಂತ ಮಾತ್ರ ಯಾರಿಗೂ ಹೇಳೋದು ಬೇಡ.”

ಅವನು ತಲೆಯಾಡಿಸಿದ. ಸದ್ದಿನ ಜೊತೆ ಅವರೂ ದೂರವಾದರು.