ನೆರಳಿಗೆ ಹೆದರುವ ಮೀನು

ಗಾಳಗಾರರ ಸಂಘದ ಅಧ್ಯಕ್ಷ ಲಮಾರ್ ಅವರೇ, ವೇದಿಕೆಯ ಗಣ್ಯರೇ, ಹಂದಿಮಾಂಸ, ಹುಳಿಕೋಸು ತಿಂದು ಆಗಲೇ ತೂಕಡಿಸುತ್ತಿರುವ ಸಭಿಕರೇ,

ಸನ್ಮಾನ ಮಾಡಿ ಗಾಳದ ಕೋಲು ಕೊಟ್ಟಿದ್ದೀರಿ, ಸಂತೋಷ. ಅರ್ಧಕ್ಕೇ ಶಾಲೆ ಬಿಟ್ಟವನು ನಾನು, ಭಾಷಣ ಬರುವುದಿಲ್ಲ. ಸಭೆ ಮುಗಿದೊಡನೆ ಹಳೆ ಗಣಿಯ ಹಳ್ಳಕ್ಕೂ ನಮ್ಮ ತೊಟ್ಟಿಯಲ್ಲಿ ಸಾಕಿದ ಮೀನು ಸುರಿಯಬೇಕೇ ಎಂದು ನೀವು ಕೈಯೆತ್ತಲಿದ್ದೀರಿ. ಅದಕ್ಕಾಗಿ ಮಾತಾಡುತ್ತಿದ್ದೇನೆ. ಹಿಂದಿನ ಸಾಲಿನವರು ಬಾಯಿ ಮುಚ್ಚಿ.

ಊರವರು ಹಿಡಿಯಲೆಂದು ಇಷ್ಟು ವರ್ಷ ಟ್ರೌಟ್ ಮೀನಿನ ಮರಿಗಳನ್ನು ತೊಟ್ಟಿಯಲ್ಲಿ ಸಾಕಿ, ದೊಡ್ಡದಾದ ಮೇಲೆ ತೊರೆಗೆ ಬಿಟ್ಟೆ. ಒಂದೇ ಪ್ರಶ್ನೆ ಕಾಡುತ್ತಿತ್ತು. ಕಾಡಿನ ಟ್ರೌಟ್ ಮನುಷ್ಯನ ನೆರಳು ಕಂಡರೆ ಓಡಿಹೋಗುತ್ತದೆ, ನಮ್ಮದು ಬಾಯಿ ತೆರೆದು ಓಡಿಬರುತ್ತದೆ. ಯಾಕೆ? ನೆರಳೆಂದರೆ ಅದಕ್ಕೆ ಊಟ. ಊಟ ಹಾಕುವವನು ಕಾಣದಿದ್ದರೆ?

ಒಂದು ತೊಟ್ಟಿಗೆ ಹಲಗೆ ಅಡ್ಡ ಕಟ್ಟಿ, ಹಿಂದಿನಿಂದ ಕೊಳವೆಯಲ್ಲಿ ಮೇವು ಸುರಿದೆ. ಹಲಗೆಯ ಮರೆಯಿಂದ ಹೊರಗೆ ಬಂದಾಗಲೆಲ್ಲ ನೀರು ಕಲಕಿ ಹೆದರಿಸಿದೆ. ಮುಂದಿನ ಸಾಲಿನಲ್ಲಿ ನಗುತ್ತಿದ್ದಾಳಲ್ಲ, ನನ್ನ ಹೆಂಡತಿ ವರ್ನಾ, ಅವಳು ಅಂದಳು: "ಅಷ್ಟೆಲ್ಲ ಯಾಕೋ ಮುದುಕಾ? ನಿನ್ನ ಮುಖ ತೋರ್ಸು, ಸಾಕು."

ಆ ವಸಂತದಲ್ಲಿ ಅವುಗಳಲ್ಲಿ ಹೆಚ್ಚಿನವನ್ನು ತೊರೆಗೆ ಬಿಟ್ಟೆ. ಗಾಳ ಹಾಕುವ ಮೊದಲ ದಿನವೇ ಲಮಾರ್ ಬರಿ ಬುಟ್ಟಿ ಹಿಡಿದು ಮನೆಗೆ ಬಂದರು. "ಏನ್ ಮೀನಯ್ಯಾ ಬಿಟ್ಟಿದ್ದೀಯ? ದಡಕ್ಕೆ ಕಾಲಿಟ್ರೆ ಮಾಯ!"

"ಮತ್ತೆ, ನಿನ್ನ ಬಾಣಲೆಗೇ ಹಾರ್ಬೇಕಿತ್ತಾ?"

"ಹೂಂ ಕಣಯ್ಯಾ, ಅದಕ್ಕೇ ಚಂದಾ ಕಟ್ಟೋದು!"

ನ್ಯಾಯವೇ. ಹಲಗೆ ಕಿತ್ತೆ. ಆ ತೊಟ್ಟಿಯಲ್ಲಿ ಉಳಿದಿದ್ದ ಮೀನುಗಳನ್ನು ಗಣಿಯ ಹಳ್ಳಕ್ಕೆ ಬಿಟ್ಟೆ. ಗಣಿನೀರಿಗೆ ಸತ್ತಿದ್ದ ಹಳ್ಳ ಅದು. ನೀರು ತಿಳಿಯಾದ ಮೇಲೂ ಒಂದು ಮೀನೂ ಇರಲಿಲ್ಲ. ನೀವೆಲ್ಲ ನಕ್ಕಿರಿ.

ಈ ಬೇಸಗೆಯಲ್ಲಿ ಅಲ್ಲಿ ಬಂಡೆಯ ಮೇಲೆ ಬೋರಲು ಮಲಗಿ ಇಣುಕಿದೆ. ಬೆರಳುದ್ದದ ಟ್ರೌಟ್! ಅಷ್ಟು ಚಿಕ್ಕದನ್ನು ನಾವು ಎಂದಾದರೂ ಬಿಟ್ಟಿದ್ದೇವೆಯೇ? ಇಲ್ಲ. ಅಂದರೆ ಅದು ಅಲ್ಲೇ ಹುಟ್ಟಿದ್ದು. ತಲೆ ಎತ್ತಿದೆ, ನೆರಳು ಬಿತ್ತು, ಮೀನಿಲ್ಲ. ನನ್ನ ಹಲಗೆಯನ್ನು ಕಾಣದ ಆ ಮರಿಗೆ ಹೆದರುವುದನ್ನು ಕಲಿಸಿದವರು ಯಾರು? ತಾಯಿಯೇ? ನೀರೇ? ನನಗೆ ಗೊತ್ತಿಲ್ಲ. ಸಾಯುವ ಮೊದಲು ಗೊತ್ತಾಗಬೇಕು.

ತೊಟ್ಟಿಯ ದೊಡ್ಡ ಮೀನು ಸುರಿದರೆ ಆ ಮರಿಗಳನ್ನು ನುಂಗಿಹಾಕುತ್ತವೆ. ತೊರೆಗಳೆಲ್ಲ ನಿಮಗೇ ಇರಲಿ, ಅದೊಂದು ಹಳ್ಳ ಬಿಟ್ಟುಬಿಡಿ.

ಈ ಕೋಲನ್ನು ಮೇಜಿನ ಮೇಲೆ ಇಡುತ್ತೇನೆ. ಹಳ್ಳ ಉಳಿದರೆ ಮನೆಗೆ ಒಯ್ಯುತ್ತೇನೆ. ಉಳಿಯದಿದ್ದರೆ ಇಲ್ಲೇ ಬಿಟ್ಟು ಹೋಗುತ್ತೇನೆ. ಆದರೆ ಲಮಾರ್ ಅವರೇ, ಆಗ ನಿಮಗೂ ಇದರ ಅಗತ್ಯ ಬೀಳುವುದಿಲ್ಲ. ಅಲ್ಲಿಗೆ ಬಾಣಲೆ ಒಯ್ದರೆ ಸಾಕು.

ಕೇಳಿಸಿಕೊಂಡಿರಿ, ಅಷ್ಟಕ್ಕೆ ವಂದನೆ. ನಮಸ್ಕಾರ.