ಎರಡು ಗೆರೆ ಒಂದಾಗುವವರೆಗೆ

ಆಗಲೇ ಗಡಿಯಾರ ನೋಡುತ್ತಿರುವ ವಿಭಾಗದ ಅಧ್ಯಕ್ಷ ಡಾ. ಬುಶಾರ್ ಅವರೇ, ಇಂದು ನಿವೃತ್ತರಾಗುತ್ತಿರುವ ಪ್ರೊಫೆಸರ್ ಲೋರ್ನಾ ಫೇರ್ ಅವರೇ, ಬಟರ್ ಟಾರ್ಟ್ ಸಿಹಿತಿಂಡಿಯ ತಟ್ಟೆಯ ಮೇಲೆ ಕಣ್ಣಿಟ್ಟಿರುವ ಸಭಿಕರೇ,

ನಾನು ಮರ್ವ್ ಕೊವಾಲ್ಚುಕ್. ಡೈರಿಗಳಲ್ಲಿ ಹಾಲು ತಣಿಸುವ ತೊಟ್ಟಿ ರಿಪೇರಿ ಮಾಡುತ್ತಿದ್ದವನು, ಸಾಸ್ಕಟೂನಿನ ಈ ಪ್ರಯೋಗಾಲಯಕ್ಕೆ ಹರಳು ತಣಿಸುವ ಹೀಲಿಯಂ ಪೆಟ್ಟಿಗೆ ಮಾಡಿಕೊಟ್ಟು ಕಾರ್ಖಾನೆಯ ಒಡೆಯನಾದೆ. ನನ್ನನ್ನು ಬೆಳೆಸಿದ್ದು ಲೋರ್ನಾ ಅವರ ಬೈಗುಳ. "ನಿನ್ನ ಪೆಟ್ಟಿಗೆ ನಡುಗತ್ತೆ ಕಣಯ್ಯ ಮರ್ವ್, ನನ್ನ ಗಣಿತ ನಡುಗಲ್ಲ."

ಏನು ಆ ಗಣಿತ? ಹರಳಿನೊಳಗಿನ ಪುಟ್ಟ ಚುಕ್ಕೆಯ ಮೇಲೆ ಬೆಳಕು ಬಿದ್ದರೆ ಒಂದು ಎಲೆಕ್ಟ್ರಾನು ಎದ್ದು ಹೋಗುತ್ತದೆ. ಅದು ಬಿಟ್ಟ ಜಾಗಕ್ಕೆ ಇವರು ರಂಧ್ರ ಅನ್ನುತ್ತಾರೆ. ವ್ಯಾಪಾರಿ ನಾನು, ಲೋರ್ನಾ ಅವರನ್ನು ಕೇಳಿದೆ: "ಖಾಲಿ ಜಾಗಕ್ಕೂ ಬೆಲೆ ಇದೆಯಾ?"

"ಇದೆ. ಎಲೆಕ್ಟ್ರಾನುಗಳೆಲ್ಲ ಒಂದೇ ಅಚ್ಚು. ಎದ್ದು ಹೋಗಿದ್ದು ಯಾವುದು, ಉಳಿದಿದ್ದು ಯಾವುದು, ಗುರುತೇ ಹಿಡಿಯೋಕಾಗಲ್ಲ. ಅದಕ್ಕೇ ಎದ್ದದ್ದಕ್ಕೂ ಖಾಲಿ ಜಾಗಕ್ಕೂ ನಡುವೆ ವಿನಿಮಯ ಅನ್ನೋದು ಒಂದಿರುತ್ತೆ. ಚುಕ್ಕೆ ಸ್ವಲ್ಪ ಸೊಟ್ಟಗಿದ್ರೂ ಸಾಕು, ಚುಕ್ಕೆ ವಾಪಸು ಕೊಡೋ ಬೆಳಕನ್ನ ಅದು ಎರಡು ಗೆರೆಯಾಗಿ ಸೀಳಿಬಿಡುತ್ತೆ."

ಉಳಿದವರು ಚುಕ್ಕೆಯನ್ನು ಒಂದು ದಿಕ್ಕಿನಿಂದ ಒತ್ತಿದರು. ಗೆರೆಗಳು ಹತ್ತಿರ ಬಂದವು, ಮುಟ್ಟದೆ ಮತ್ತೆ ದೂರ ಹೋದವು. "ಎರಡು ದಿಕ್ಕಿನಿಂದ ಒತ್ತಿ, ಸೇರುತ್ತವೆ" ಅಂದರು ಲೋರ್ನಾ. ಯಾರು ನಂಬಿದರು? ವಿಭಾಗ ನಂಬಿತೇ? ನಂಬಿದ್ದರೆ ನಾಳೆ ಅವರ ಪ್ರಯೋಗಾಲಯ ಬಿಚ್ಚಲು ಲಾರಿ ಯಾಕೆ ಬರುತ್ತಿತ್ತು?

ಇವತ್ತು ಬೆಳಿಗ್ಗೆ ಅವರ ಶಿಷ್ಯೆ ಕರ್ಸ್ಟನ್ ನನ್ನ ಹೊಸ ಪೆಟ್ಟಿಗೆಯಲ್ಲಿ ಚುಕ್ಕೆಯನ್ನು ಎರಡು ಕಡೆಯಿಂದ ಒತ್ತುವ ಎರಡೂ ತಿರುಪು ತಿರುಗಿಸಿದಳು. ಗೆರೆಗಳು ಸೇರಿದವು ಸಭಿಕರೇ, ಸೇರಿದವು.

ಛೆ. ಬಾಯಿ ಜಾರಿತು. ಚುಕ್ಕೆಯನ್ನು ಬೆಚ್ಚಗಾಗಿಸಿ, ಮತ್ತೆ ತಣಿಸಿ, ಮತ್ತೆ ನೋಡಿ ಖಚಿತವಾಗುವವರೆಗೆ ಗಣಿತ ಬರೆದವರ ಕಿವಿಗೆ ಸುದ್ದಿ ಬೀಳಬಾರದು, ಅದು ಇಲ್ಲಿನ ನೇಮ. ಲೋರ್ನಾ ಅವರೇ ಮಾಡಿದ ನೇಮ. ಕೂತ್ಕೊಳ್ಳಿ ಲೋರ್ನಾ, ದಯವಿಟ್ಟು. ನೆಲಮಾಳಿಗೆಯಲ್ಲಿ ಚುಕ್ಕೆ ಎರಡನೇ ಸಲ ತಣಿಯುತ್ತಾ ಇದೆ. "ಮರ್ವ್, ನೀವು ಮೈಕ್ ಹಿಡಿದರೆ ಬಿಡಲ್ಲ ಅಂತಾರೆ. ಇವತ್ತೊಂದು ದಿನ, ನಾನು ಬರೋವರೆಗೆ, ನಿಜವಾಗ್ಲೂ ಬಿಡಬೇಡಿ" ಅಂದಿದ್ದಾಳೆ ಆ ಹುಡುಗಿ. ಇಲ್ಲದಿದ್ದರೆ ಹಾಲಿನ ತೊಟ್ಟಿಯ ಕಥೆ ನಿಮಗೆ ಯಾಕೆ?

ಅಗೋ, ಬಾಗಿಲಲ್ಲಿ ಕರ್ಸ್ಟನ್. ಏದುಸಿರು ಬಿಡುತ್ತಿದ್ದಾಳೆ. ಎಷ್ಟು ಗೆರೆ ಕಂಡಿತಮ್ಮ? ಬೆರಳಲ್ಲಾದರೂ ತೋರಿಸು.

ಒಂದು.

ಲೋರ್ನಾ, ಮೆಟ್ಟಿಲು ನಿಧಾನವಾಗಿ ಇಳೀರಿ. ಡಾ. ಬುಶಾರ್, ನೀವೂ ಎದ್ದಿರಾ? ಹೋಗುತ್ತಾ ಆ ಲಾರಿಯವನಿಗೆ ಬರಬೇಡ ಅಂತ ಒಂದು ಫೋನು ಮಾಡಿಬಿಡಿ. ಇಷ್ಟು ಹೊತ್ತು ಸಹಿಸಿದ್ದಕ್ಕೆ ಉಳಿದವರಿಗೆಲ್ಲ ವಂದನೆಗಳು. ನಾನೂ ಕೆಳಗೆ ಹೊರಟೆ, ನಮಸ್ಕಾರ.